ಛತ್ರದ ಅಕ್ಕ ಮತ್ತು ಮಾವನ ರೇಷ್ಮೆಗೂಡು

ಅಕ್ಕನ ಮೂಗಿಗೆ ಎರಡೂ ಕಡೆ ಚುಚ್ಚಿಸಿತ್ತು. ಆದರೆ ಅಲ್ಲಿ ಮೂಗುತಿ ಇರಲಿಲ್ಲ, ಬೇವಿನ ಕಡ್ಡಿಯ ಎರಡು ಚೂರುಗಳಿದ್ದವು. ಬರ್ಮಾದಿಂದ ನಡೆದು ಬರುವಾಗ ಯಾವುದೋ ಹೊಳೆ ದಾಟಿಸಿದ ದೋಣಿಯವನು ಮೂಗುತಿಗಳನ್ನು ಬಿಚ್ಚಿಸಿಕೊಂಡಿದ್ದನಂತೆ. ತೂತು ಕೂಡಿಕೊಳ್ಳದಿರಲಿ ಎಂದು ಅಕ್ಕ ಕಡ್ಡಿ ಸಿಕ್ಕಿಸಿಕೊಂಡಿದ್ದರು, ಆಗಾಗ ಹೊಸದು ಕೆತ್ತಿ ಬದಲಾಯಿಸುತ್ತಿದ್ದರು. ಯಾರು ಏನು ಕೊಟ್ಟರೂ ಅದು ಮೊದಲು ಆ ಮೂಗಿನ ಹತ್ತಿರ ಹೋಗಬೇಕು. ರಾಗಿ ಹಿಟ್ಟು, ಹಳೇ ಸೀರೆ, ಸೋಪಿನ ತುಂಡು, ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ಒಮ್ಮೆ ಶ್ರೀನಿವಾಸಪುರದಿಂದ ಬಂದಿದ್ದ ಮಾವಿನ ಹಣ್ಣೊಂದನ್ನು ಕೊಟ್ಟೆ. ಮಾವಿನ ಹಣ್ಣನ್ನು ಯಾರಾದರೂ ಮೂಸುತ್ತಾರೆ, ಅದರಲ್ಲೇನು ವಿಶೇಷ ಅನ್ನಬಹುದು. ಅಕ್ಕ ಮೂಸಿದ್ದು ಪರಿಮಳಕ್ಕಲ್ಲ, ತನಿಖೆಗೆ. ಮೂಸಿದ ಮೇಲೆ ನನ್ನ ಮುಖ ನೋಡಿ, "ಎಂದುಕಮ್ಮಾಯಿ?" ಅಂದರು. ಯಾತಕ್ಕೆ ಕೊಡುತ್ತಿದ್ದೀಯ ಹುಡುಗಿ ಅಂತ ತೆಲುಗಿನಲ್ಲಿ ಕೇಳಿದ್ದು.

ನಾನು ಆಗ ಮುಳಬಾಗಿಲಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮದುವೆಯಾದ ವರ್ಷದೊಳಗೆ ಗಂಡ ತೀರಿಕೊಂಡಿದ್ದ. ತೌರಿನಲ್ಲಿ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಹೀಗಾಗಿ ಮಾವನ ಮನೆಯ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿಕೊಂಡು, ಅಡುಗೆಮನೆಯಲ್ಲಿ ಅತ್ತೆಗೆ ಕೈನೆರವಾಗಿ ದಿನ ನೂಕುತ್ತಿದ್ದೆ. ಆ ಮನೆಯಲ್ಲಿ ನನ್ನನ್ನು ಯಾರೂ ಬಯ್ಯುತ್ತಿರಲಿಲ್ಲ. ಬಯ್ಯದೆ ಇರುವುದನ್ನೇ ದೊಡ್ಡ ಉಪಕಾರವೆಂದು ಬಂದವರ ಎದುರಿಗೆಲ್ಲ ಹೇಳುತ್ತಿದ್ದರು, ಅಷ್ಟೆ.

ಮಾವ ಊರಿನಲ್ಲಿ ದೊಡ್ಡ ಮನುಷ್ಯರು. ಹಿಪ್ಪುನೇರಳೆ ತೋಟವಿತ್ತು, ಎರಡು ಬಾವಿಯಿತ್ತು, ಮೈಮೇಲೆ ಖಾದಿಯಿತ್ತು. ಅವರ ಬಾಯಲ್ಲಿ ಸ್ವಾವಲಂಬನೆ ಅನ್ನುವ ಮಾತು ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ ಲೆಕ್ಕ ಇಟ್ಟವರಿಲ್ಲ. ಇಷ್ಟಾಗಿಯೂ ಸ್ನಾನದ ನೀರನ್ನು ಅವರು ತಾವೇ ಹುಯ್ದುಕೊಂಡವರಲ್ಲ. ಎಲೆಗೆ ಸುಣ್ಣ ಹಚ್ಚಲು ಅತ್ತೆ ಬೇಕು, ಪಂಚೆ ಮಡಿಸಲು ಆಳು ಬೇಕು, ಕನ್ನಡಕ ಹುಡುಕಲು ನಾನು ಬೇಕು. ಇದನ್ನು ಹೇಳಿ ಅವರನ್ನು ಹೀಯಾಳಿಸಬೇಕೆಂದಲ್ಲ. ಅವರು ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ಅನುಮಾನ ಪಡುವುದು ಎಷ್ಟೋ ಸುಲಭವಾಗುತ್ತಿತ್ತು.

ಜಪಾನಿನವರು ರಂಗೂನಿನ ಮೇಲೆ ಬಾಂಬು ಸುರಿದ ಮೇಲೆ ಅಲ್ಲಿಂದ ಓಡಿಬಂದವರು ಮದ್ರಾಸು ಸೀಮೆಯಲ್ಲೆಲ್ಲ ಹಂಚಿಹೋದರು. ಅವರಲ್ಲಿ ಕೆಲವು ಸಂಸಾರಗಳು ನಮ್ಮೂರಿಗೂ ಬಂದವು. ಅವರ ಅಜ್ಜ ಮುತ್ತಜ್ಜಂದಿರು ಈ ಗಡಿ ಸೀಮೆಯಿಂದಲೇ ಕೂಲಿಗೆಂದು ಹಡಗು ಹತ್ತಿದ್ದವರು. ನೆಂಟರು ಯಾರಾದರೂ ಉಳಿದಿರಬಹುದು ಅಂತ ಹುಡುಕಿಕೊಂಡು ಬಂದರು. ಉಳಿದಿದ್ದ ನೆಂಟರು ಗುರುತು ಹಿಡಿಯಲಿಲ್ಲ. ಊರ ಹೊರಗಿನ ಹಳೇ ಛತ್ರದಲ್ಲಿ ಇಳಿದುಕೊಂಡರು.

ಅಕ್ಕ ಬಂದದ್ದು ಸೊಸೆ ಮತ್ತು ಮೊಮ್ಮಗಳ ಜೊತೆ. ಗಂಡನೂ ಮಗನೂ ರಂಗೂನಿನಲ್ಲೇ ಉಳಿದಿದ್ದರು. ಹಡಗಿನಲ್ಲಿ ಬರುತ್ತೇವೆ, ನೀವು ನಡೀರಿ ಅಂದಿದ್ದರಂತೆ. ಆಮೇಲೆ ಸುದ್ದಿಯಿಲ್ಲ. ಛತ್ರದ ಉಳಿದವರು, ಇನ್ನೆಲ್ಲಿ ಬರ್ತಾರೆ, ಕುಂಕುಮ ಅಳಿಸಿಬಿಡಮ್ಮ ಅಂತ ಹೇಳಿದರೆ, "ನೀವು ಹೆಣ ನೋಡಿದ್ರಾ?" ಅಂತ ಅಕ್ಕ ತಿರುಗಿ ಕೇಳುತ್ತಿದ್ದರು. ಕುಂಕುಮವೂ ಉಳಿಯಿತು, ಮೂಗಿನ ಕಡ್ಡಿಗಳೂ ಉಳಿದವು. ಸಾವಿನ ಸುದ್ದಿಯನ್ನೇ ಸಾಕ್ಷಿಯಿಲ್ಲದೆ ನಂಬದ ಹೆಂಗಸು, ಸಮಿತಿಯವರ ಮಾತನ್ನು ನಂಬುವುದೆಂದರೇನು!

ಸಮಿತಿ ಕಟ್ಟಿದವರು ನಮ್ಮ ಮಾವ. ಊರಿನ ನಾಲ್ಕಾರು ಗಣ್ಯರು ಸೇರಿದರು, ಬೆಂಗಳೂರಿನಿಂದ ಸಹಾಯ ಬರುವ ಏರ್ಪಾಡಾಯಿತು, ಛತ್ರದ ಅಂಗಳದಲ್ಲಿ ಹಂಡೆಯಿಟ್ಟು ಬೆಳಿಗ್ಗೆ ರಾಗಿ ಗಂಜಿ, ಸಂಜೆ ಮುದ್ದೆ ಸಾರು ಹಾಕತೊಡಗಿದರು. ಅನ್ನದ ಸೀಮೆಯಿಂದ ಬಂದವರಿಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ. ಅಕ್ಕನಂತೂ ಅಗಿದು ಅಗಿದು ತಿನ್ನುತ್ತಿದ್ದರು. ನಾವೆಲ್ಲ ನಕ್ಕರೆ, "ಒಳಗೆ ಏನು ಇಟ್ಟಿದ್ದಾರೋ ನೋಡ್ದೆ ಹೆಂಗೆ ನುಂಗೋದು?" ಅಂದರು. ಅವರ ಮಾತು ತೆಲುಗು, ನಮ್ಮೂರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಕೆಲವು ತಿಂಗಳಲ್ಲಿ ಕನ್ನಡವನ್ನೂ ಸೇರಿಸಿಕೊಂಡು ಆಡತೊಡಗಿದರು. ನೆನಪಿರುವಷ್ಟನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕೂತು ತಿನ್ನುವುದು ಮನುಷ್ಯನನ್ನು ಕೆಡಿಸುತ್ತದೆ ಎಂದು ಮಾವನ ನಂಬಿಕೆ. ಆದ್ದರಿಂದ ಛತ್ರದ ಹೆಂಗಸರಿಗೆ ನೂಲುವುದನ್ನು ಕಲಿಸಲು ನನ್ನನ್ನು ಕಳಿಸಿದರು. ಮೊದಲ ದಿನ ನಾನು ಚರಕ ಮುಂದಿಟ್ಟುಕೊಂಡು ಮಾವ ಹೇಳಿಕೊಟ್ಟಿದ್ದ ಮಾತುಗಳನ್ನೇ ಒಪ್ಪಿಸಿದೆ. ನಿಮ್ಮ ಕಾಲ ಮೇಲೆ ನೀವು ನಿಲ್ಲಬೇಕು, ಇನ್ನೊಬ್ಬರ ಹಂಗಿನಲ್ಲಿ ಇರಬಾರದು, ಹೀಗೆ. ಎಲ್ಲರೂ ತಲೆಯಾಡಿಸಿದರು. ಅಕ್ಕ ಆಡಿಸಲಿಲ್ಲ.

"ನಿಂಗೆ ಅನ್ನ ಯಾರು ಹಾಕ್ತಾರಮ್ಮಾಯಿ?" ಅಂತ ಕೇಳಿದರು.

"ನಮ್ಮ ಸೋದರಮಾವ."

"ಮತ್ತೆ ನೀನು ಯಾವಾಗ ನಿಲ್ಲೋದು, ನಿನ್ನ ಕಾಲ ಮೇಲೆ?"

ಸುತ್ತ ಕೂತವರು ಗೊಳ್ಳೆಂದರು. ನನಗೆ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಅಕ್ಕ ಎದ್ದು ಬಂದು ನನ್ನ ಚರಕವನ್ನು ಪಕ್ಕಕ್ಕೆ ಸರಿಸಿ ಹತ್ತಿರ ಕೂತರು. "ಅಳಬೇಡ. ನಾನು ನಿನ್ನ ಅಣಕಿಸಲಿಲ್ಲ. ಈ ಮಾತು ನಮಗೆ ಮಾತ್ರ ಯಾಕೆ ಹೇಳ್ತಾರೆ ಅಂತ ತಿಳ್ಕೋಬೇಕಿತ್ತು" ಅಂದರು. ಆವತ್ತಿನಿಂದ ನಮ್ಮ ಸ್ನೇಹ.

ಅಕ್ಕ ಸೋಮಾರಿಯಾಗಿರಲಿಲ್ಲ. ರಂಗೂನಿನ ಹಡಗುಕಟ್ಟೆಯ ಹತ್ತಿರ ಹಮಾಲಿಗಳಿಗೆ ಊಟ ಹಾಕುವ ಮನೆ ನಡೆಸಿದ್ದವರು. ಗುಂಪು ಗುಂಪಾಗಿ ಬರುವ ಜನಕ್ಕೆ ಬಡಿಸಿ ಅಭ್ಯಾಸವಿತ್ತು. ಮುಳಬಾಗಿಲಿನ ಹೆದ್ದಾರಿಯಲ್ಲಿ ಗಾಡಿಯವರು, ಬಸ್ಸಿನವರು ಎಷ್ಟು ಜನ ಓಡಾಡುತ್ತಾರೆ ಅನ್ನುವುದನ್ನು ಬಂದ ವಾರದಲ್ಲೇ ಕಣ್ಣಿನಲ್ಲಿ ಅಳೆದುಬಿಟ್ಟಿದ್ದರು. ಬಸ್ ನಿಲ್ಲುವ ಕಡೆ ಒಂದು ಒಲೆ ಹೂಡಿಕೊಳ್ಳುತ್ತೇನೆ, ಸಮಿತಿಯವರು ಜಾಗ ಕೊಡಿಸಲಿ, ಮೊದಲಿಗೆ ಒಂದು ಮೂಟೆ ಅಕ್ಕಿ ಕೊಡಿಸಲಿ ಅಂತ ಕೇಳಿದರು. ನಾನೇ ಮಾವನ ಹತ್ತಿರ ಹೋಗಿ ಹೇಳಿದೆ.

ಮಾವ ಯೋಚಿಸಿ ಹೇಳ್ತೀನಿ ಅಂದರು. ಸಮಿತಿ ಸೇರಿತು. ಬಸ್ ನಿಲ್ಲುವ ಕಡೆ ಆಗಲೇ ಒಂದು ಹೋಟೆಲಿತ್ತು, ಅದರ ಯಜಮಾನರು ಸಮಿತಿಯಲ್ಲೇ ಇದ್ದರು. ಬಹಳ ಮರುಕದಿಂದ ಮಾತಾಡಿದರಂತೆ. ಪಾಪ, ಹೆಂಗಸು, ಬಸ್ಸಿನವರ ಮಧ್ಯೆ ಕಷ್ಟಪಡಬಾರದು ಅಂದರಂತೆ. ಮಳಿಗೆ ಸಾಲಿನ ಅಂಗಡಿಯವರು ಅಕ್ಕಿ ಸಿಕ್ಕುವುದೇ ಕಷ್ಟ, ಊರಿನವರಿಗೇ ಇಲ್ಲ ಅಂದರಂತೆ. ಕೊನೆಗೆ ಮಾವ ಛತ್ರಕ್ಕೆ ಬಂದು, "ನೋಡು ತಾಯಿ, ಊಟ ಮಾರೋದು ಬೇಡ. ನಿಮಗೆಲ್ಲ ಒಳ್ಳೇ ಕಸುಬು ಕಲಿಸ್ತೀವಿ" ಅಂದರು.

"ನಂಗೆ ಬರೋ ಕಸುಬು ಬೇಡ, ಬರದೇ ಇರೋದು ಕಲೀಬೇಕಾ ಸ್ವಾಮಿ?" ಅಂದರು ಅಕ್ಕ.

ಮಾವ ನಕ್ಕು ಬೆನ್ನು ತಟ್ಟುವವರ ಹಾಗೆ ಗಾಳಿಯಲ್ಲಿ ಕೈಯಾಡಿಸಿ ಹೊರಟುಹೋದರು. ಅವರು ಹೋದ ಮೇಲೆ ಅಕ್ಕ ನನಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಊರಲ್ಲಿ ಯಾರೂ ಮಾಡದೇ ಇರೋ ಕೆಲಸ, ಇಲ್ಲಾಂದ್ರೆ ಊರಲ್ಲಿ ಯಾರಿಗೋ ಲಾಭ ಆಗೋ ಕೆಲಸ. ಇವೆರಡರಲ್ಲಿ ಒಂದು ಕೊಡ್ತಾರೆ, ನೋಡ್ತಿರು."

ಕೊಟ್ಟದ್ದು ರೇಷ್ಮೆಹುಳು. ಯುದ್ಧದ ಕಾಲ, ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ. ಮಾವನ ಮನೆಯಿಂದಲೇ ಮರಿ ಹುಳುಗಳು ತಟ್ಟೆಗಳಲ್ಲಿ ಛತ್ರಕ್ಕೆ ಬಂದವು. ಗೂಡು ಕಟ್ಟಿದ ಮೇಲೆ ಮಾರಿದ್ದೆಲ್ಲ ನಿಮ್ಮದೇ ಅಂದರು. ಸೊಪ್ಪು ಮಾತ್ರ ಮಾವನ ತೋಟದಿಂದ ಬರಬೇಕು. ಅದಕ್ಕೆ ಪ್ರತಿಯಾಗಿ ಛತ್ರದ ಹೆಂಗಸರು ದಿನಾ ತೋಟಕ್ಕೆ ಹೋಗಿ ಸೊಪ್ಪು ಕೊಯ್ದುಕೊಡಬೇಕು, ಮನೆಗೂ ಛತ್ರಕ್ಕೂ ಸೇರಿಸಿ. ಇದಕ್ಕೆ ತರಬೇತಿ ಅಂತ ಹೆಸರು. ಕೊಯ್ಲಿನ ಕೂಲಿಯಾಳುಗಳನ್ನು ಮಾವ ಆ ಬೆಳೆಗೆ ಕರೆಯಲಿಲ್ಲ ಅನ್ನುವುದು ನನಗೆ ತಿಳಿದಿತ್ತು. ಉದ್ದೇಶಪೂರ್ವಕವಾಗಿಯೋ, ಹಾಗೇ ಕೂಡಿಬಂದದ್ದೋ ಹೇಳಲಾರೆ.

ಹುಳು ಸಾಕಿದವರಿಗೆ ಗೊತ್ತು, ಅದು ಮಗು ಸಾಕಿದ್ದಕ್ಕಿಂತ ಕಷ್ಟ. ಹುಳುವಿನ ಮನೆಯಲ್ಲಿ ಒಗ್ಗರಣೆಯ ಘಾಟು ಬರಕೂಡದು, ಹೊಗೆಸೊಪ್ಪಿನ ಕೈ ತಾಕಕೂಡದು, ಹೊರಗಿನವರು ಬಂದು ಅಯ್ಯೋ ಎಷ್ಟು ಚೆನ್ನಾಗಿವೆ ಅನ್ನಕೂಡದು. ಛತ್ರವೆಂದರೆ ಒಂದೇ ದೊಡ್ಡ ಅಂಕಣ. ಅಲ್ಲೇ ಜನ, ಅಲ್ಲೇ ಕೂಸುಗಳ ಅಳು, ಅಲ್ಲೇ ಯಾರದೋ ಒಣಮೀನು. ನಡುವೆ ಸೀರೆ ಅಡ್ಡ ಕಟ್ಟಿ ಹುಳುವಿನ ತಟ್ಟೆಗಳನ್ನು ಜೋಡಿಸಿದ್ದರು. ಆದರೂ ಹೆಂಗಸರು ಹುಳುಗಳನ್ನು ಚೆನ್ನಾಗಿಯೇ ನೋಡಿಕೊಂಡರು. ಅಕ್ಕನ ಸೊಸೆ ಹೆಚ್ಚು ಮಾತಾಡದ ಹುಡುಗಿ, ಹುಳುಗಳ ಮುಂದೆ ಮಾತ್ರ ಏನೇನೋ ಗೊಣಗುತ್ತ ಕೂತಿರುತ್ತಿದ್ದಳು. ಮೊಮ್ಮಗಳು ಪುಟ್ಟ ಕೈಯಲ್ಲಿ ಒಂದೊಂದೇ ಎಲೆಯಿಡುತ್ತಿತ್ತು.

ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಎದ್ದ ಮೇಲೆ ಹುಳುಗಳಿಗೆ ಹೊಟ್ಟೆಬಾಕತನ ಬರುತ್ತದೆ. ಹಾಕಿದಷ್ಟೂ ತಿನ್ನುತ್ತವೆ. ಅದೇ ಹೊತ್ತಿಗೆ ಮಾವನ ಮನೆಯ ಹುಳುಗಳೂ ಆ ಹಂತಕ್ಕೆ ಬಂದಿದ್ದವು. ಮಳೆ ಹಿಂದಾಗಿ ತೋಟದಲ್ಲಿ ಸೊಪ್ಪು ಕಡಿಮೆ. ಹೆಂಗಸರು ಕೊಯ್ದು ತಂದ ಮಂಕರಿಗಳು ಮೊದಲು ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದವು, ಮಿಕ್ಕಿದ್ದು ಛತ್ರಕ್ಕೆ. ದಿನದಿನಕ್ಕೆ ಮಿಕ್ಕಿದ್ದು ಕಡಿಮೆಯಾಯಿತು. ನಾನು ಮಾವನನ್ನು ಕೇಳಿದೆ. "ಮನೇದು ಕೈಬಿಟ್ಟು ಅಲ್ಲಿಗೆ ಹಾಕಕ್ಕಾಗುತ್ತೇನೇ? ಅಡ್ಜಸ್ಟ್ ಮಾಡ್ಕೋಬೇಕು ಕಣೇ, ಅವರೂ ಕಷ್ಟ ಕಲೀಲಿ" ಅಂದರು.

ಅಕ್ಕ ಖಾಲಿ ತಟ್ಟೆಗಳ ಮುಂದೆ ಕೂತು, "ಸೊಪ್ಪು ಕೊಯ್ಯೋದು ನಾವು, ಸೊಪ್ಪಿಗೆ ಕಾಯೋದೂ ನಾವು. ಇದರಲ್ಲಿ ಸ್ವಂತದ್ದು ಯಾವುದು ಅಂತ ನಿಮ್ಮ ಮಾವನ್ನ ಕೇಳಮ್ಮಾಯಿ" ಅಂದರು. ಅರೆಹೊಟ್ಟೆಯ ಹುಳುಗಳಿಗೆ ರೋಗ ತಗುಲಿತು. ಮೈಯೆಲ್ಲ ಹಾಲಿನ ಹಾಗೆ ಬೆಳ್ಳಗೆ ಊದಿಕೊಂಡು ಸತ್ತವು. ಅಕ್ಕನ ಸೊಸೆ ಅವನ್ನು ಮಡಿಲಲ್ಲಿ ತುಂಬಿಕೊಂಡು ಹೋಗಿ ಛತ್ರದ ಹಿಂದೆ ಗುಂಡಿ ತೋಡಿ ಮುಚ್ಚಿದಳು.

ಇಷ್ಟಾದ ಎರಡು ದಿನಕ್ಕೇ ಬೆಂಗಳೂರಿನಿಂದ ಅಧಿಕಾರಿಯೊಬ್ಬರು ನಿರಾಶ್ರಿತರ ಪ್ರಗತಿ ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ಮಾವನಿಗೆ ಊಟ ಸೇರಲಿಲ್ಲ. ಸಮಿತಿಯವರು ನಮ್ಮ ಪಡಸಾಲೆಯಲ್ಲೇ ಸೇರಿದರು, ಕಾಫಿ ತಂದುಕೊಟ್ಟವಳು ನಾನೇ. ಉಪಾಯ ಹೇಳಿದವರು ಹೋಟೆಲಿನ ಯಜಮಾನರು. ಮಾವನ ಮನೆಯಲ್ಲಿ ಹುಳುಗಳು ಆಗಲೇ ಚಂದ್ರಂಕಿ ಏರಿ ಗೂಡು ಕಟ್ಟಿದ್ದವು. ಚಂದ್ರಂಕಿ ಅಂದರೆ ಹಣ್ಣಾದ ಹುಳುಗಳನ್ನು ಬಿಡುವ ದೊಡ್ಡ ಬಿದಿರಿನ ತಟ್ಟಿ. ಹಳದಿ ಗೂಡು ತುಂಬಿದ ಆ ತಟ್ಟಿಗಳನ್ನು ಒಂದು ದಿನದ ಮಟ್ಟಿಗೆ ಛತ್ರದಲ್ಲಿ ನಿಲ್ಲಿಸಿದರೆ ಆಯಿತಲ್ಲ ಅಂದರು.

"ಸುಳ್ಳಾಗುತ್ತಲ್ಲಪ್ಪಾ" ಅಂದರು ಮಾವ.

"ಸುಳ್ಳೇನು ಬಂತು? ಅವರೇ ಕೊಯ್ದ ಸೊಪ್ಪು ತಿಂದ ಹುಳ ತಾನೆ? ಏನೂ ಇಲ್ಲ ಅಂತ ತೋರಿಸಿದ್ರೆ ಬರೋ ಸಹಾಯ ನಿಂತುಹೋಗುತ್ತೆ. ಆಮೇಲೆ ಆ ಜನ ಏನು ತಿನ್ತಾರೆ?"

ಮಾವ ಒಪ್ಪಿದರು. ಕೆಲಸ ಚೆನ್ನಾಗಿ ನಡೆದಿದೆ ಅಂತ ಕಂಡರೆ ಇನ್ನಷ್ಟು ಸಹಾಯ ಬರುತ್ತದೆ ಅಂತ ನಂಬಿಯೇ ಒಪ್ಪಿದರು ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಛತ್ರದ ಉಸ್ತುವಾರಿಯಿಂದ ಅವರೂ ಬೇಸತ್ತಿದ್ದರು.

ಅಧಿಕಾರಿ ಬೆಳಿಗ್ಗೆ ಕಾರಿನಲ್ಲಿ ಬಂದರು. ಛತ್ರದ ಅಂಗಳಕ್ಕೆ ಸಾರಿಸಿ ರಂಗೋಲಿಯಿಟ್ಟಿತ್ತು. ಗೋಡೆಗೆ ಒರಗಿಸಿದ ಚಂದ್ರಂಕಿಗಳ ಮುಂದೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದರು. ಅಕ್ಕನೂ ನಿಂತಿದ್ದರು, ಸೊಂಟದಲ್ಲಿ ಮೊಮ್ಮಗಳು. ಮಾವ ಮಾತಾಡಿದರು. ದಿಕ್ಕಿಲ್ಲದೆ ಬಂದ ಈ ತಾಯಂದಿರು ಇವತ್ತು ತಮ್ಮ ಕೈಯಾರೆ ರೇಷ್ಮೆ ಬೆಳೆದಿದ್ದಾರೆ ಅಂದರು. ಜನ ಚಪ್ಪಾಳೆ ತಟ್ಟಿದರು. ಮಾವನ ಗಾಡಿಯಲ್ಲಿ ಚಂದ್ರಂಕಿಗಳು ಬಂದಿಳಿದದ್ದನ್ನು ಕಣ್ಣಾರೆ ನೋಡಿದ್ದವರೂ ತಟ್ಟಿದರು.

ಅಧಿಕಾರಿ ಒಂದು ಗೂಡನ್ನು ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ಭೇಷ್! ಬಹಳ ಸಂತೋಷ" ಅಂದರು. "ಹಾಗಾದರೆ ಇವರಿಗೆ ಇನ್ನು ಗಂಜಿ ಹಾಕುವ ಅಗತ್ಯವೇ ಇಲ್ಲ. ಈ ತಿಂಗಳಿಗೆ ಮುಗಿಸಿಬಿಡಿ. ಬೇರೆ ಊರಿನವರಿಗೂ ನಿಮ್ಮ ಕೆಲಸ ಮಾದರಿಯಾಗಲಿ."

ಮಾವ ಹಾರದ ತಟ್ಟೆಗೆ ಕೈ ಚಾಚಿದರು. ಹಾರ ಹಾಕುವ ಹೊತ್ತಾಗಿತ್ತು.

ಮಧ್ಯಾಹ್ನ ಮಾವನ ಆಳುಗಳು ಗಾಡಿ ಕಟ್ಟಿಕೊಂಡು ಚಂದ್ರಂಕಿಗಳನ್ನು ವಾಪಸು ತರಲು ಹೋದರು. ಸ್ವಲ್ಪ ಹೊತ್ತಿಗೆ ಒಬ್ಬ ಆಳು ಓಡಿಬಂದ. "ಆ ರಂಗೂನಮ್ಮ ಬಾಗಿಲಿಗೆ ಅಡ್ಡ ಕೂತವ್ಳೆ ಬುದ್ಧೀ, ಬಿಡ್ತಾ ಇಲ್ಲ" ಅಂದ. ಮಾವ ಕೋಲು ಹಿಡಿದು ಹೊರಟರು. ನಾನೂ ಹಿಂದೆ ಹೋದೆ, ಯಾರೂ ಬೇಡವೆನ್ನಲಿಲ್ಲ.

ಅಕ್ಕ ಛತ್ರದ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದರು. ಬೀದಿಯಲ್ಲಿ ಆಗಲೇ ಜನ ಸೇರಿದ್ದರು.

"ಏನು ತಾಯಿ ಇದು?" ಅಂದರು ಮಾವ.

"ಗೂಡು ಕಾಯ್ತಾ ಇದೀನಿ ಸ್ವಾಮಿ. ಯಾರೋ ಗಾಡಿಯವರು ಎತ್ಕೊಂಡು ಹೋಗಕ್ಕೆ ಬಂದಿದ್ದಾರೆ."

"ಅವು ನಮ್ಮ ಮನೆಯವು ಅಂತ ನಿಂಗೆ ಗೊತ್ತಿಲ್ವಾ?"

"ನಂಗೇನು ಗೊತ್ತು ಸ್ವಾಮಿ? ಬೆಳಿಗ್ಗೆ ನೀವೇ ಹೇಳಿದ್ರಿ, ನಾವು ನಮ್ಮ ಕೈಯಾರೆ ಬೆಳೆದಿದ್ದು ಅಂತ. ದೊರೆನೂ ಹೌದು ಅಂದ್ರು. ಅದಕ್ಕೇ ಗಂಜಿ ಬೇಡ ಅಂದ್ರು. ಗಂಜಿ ಹೋದ ಮೇಲೆ ಗೂಡೂ ಹೋದ್ರೆ ಹೆಂಗೆ?"

ಜನರಲ್ಲಿ ಯಾರೋ ಕಿಸಕ್ಕೆಂದರು. ಮಾವ ಹತ್ತಿರ ಬಗ್ಗಿ ಮೆಲ್ಲಗೆ, "ಎಲ್ಲರ ಎದುರಿಗೆ ಬೇಡ ತಾಯಿ, ಆಮೇಲೆ ಏನಾದರೂ ಮಾಡೋಣ" ಅಂದರು.

"ಎಲ್ಲರ ಎದುರಿಗೇ ಹೇಳಿದ್ರಲ್ಲ ಸ್ವಾಮಿ." ಅಕ್ಕ ದನಿ ಏರಿಸಲಿಲ್ಲ. "ದೊರೆ ಇನ್ನೂ ಬಂಗ್ಲೆನಲ್ಲೇ ಇದ್ದಾರಂತೆ. ಹೋಗಿ ಹೇಳಿ. ಇವರ ಹುಳ ಸತ್ತುಹೋಯ್ತು, ಗೂಡು ನಮ್ಮ ಮನೇದು, ಈ ಜನಕ್ಕೆ ಇನ್ನೂ ಸ್ವಲ್ಪ ದಿನ ಗಂಜಿ ಬೇಕು ಅಂತ ಹೇಳಿ ಬನ್ನಿ. ನಾನೇ ಎತ್ತಿ ಗಾಡಿಗೆ ಇಡ್ತೀನಿ."

ಪ್ರವಾಸಿ ಬಂಗಲೆ ಅಲ್ಲಿಂದ ಕೂಗಳತೆಯಲ್ಲಿತ್ತು. ಮರದ ಕೆಳಗೆ ನಿಂತ ಕಾರು ನಮಗೆಲ್ಲ ಕಾಣುತ್ತಿತ್ತು. ಮಾವ ಆ ಕಡೆ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹೋಗಲಿ, ದೇವರೇ, ಇವರು ಹೋಗಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ನನಗೆ ಅವರ ಮೇಲೆ ಪ್ರೀತಿಯಿತ್ತು.

ಅವರು ಹೋಗಲಿಲ್ಲ. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ, "ಇಟ್ಟುಕೊಳ್ಳಿ. ಗೂಡು ಈ ಬಡವರಿಗೇ ಇರಲಿ" ಅಂದರು. ಖಾಲಿ ಗಾಡಿಯನ್ನು ತಿರುಗಿಸಿದರು. ಬೀದಿಯವರು, ಎಂಥಾ ದೊಡ್ಡ ಗುಣ, ಬೆಳೆದ ಬೆಳೆಯನ್ನೇ ದಾನ ಮಾಡಿದರು ಅಂತ ಕೊಂಡಾಡಿದರು. ಸಂಜೆಯ ಹೊತ್ತಿಗೆ ಅದು ಊರಿಗೆಲ್ಲ ತ್ಯಾಗದ ಕತೆಯಾಗಿತ್ತು.

ಅಕ್ಕ ಗೆದ್ದರು ಅಂತ ನನಗೆ ಹಿಗ್ಗು. ಅವರ ಪಕ್ಕದಲ್ಲಿ ಹೋಗಿ ಕೂತೆ. "ಗೂಡು ಅವರಿಗೆ ಅಗ್ಗ ಅಮ್ಮಾಯಿ. ಆ ಬಂಗ್ಲೆ ತನಕ ನಡೆಯೋದು ತುಟ್ಟಿ" ಅಂದರು. ಆಮೇಲೆ ಗೂಡೊಂದನ್ನು ಎತ್ತಿ ಮೂಸಿ ನೋಡಿ, ಮುಖ ಸಿಂಡರಿಸಿ ಕೆಳಗಿಟ್ಟರು.

ಗೂಡು ಮಾರಿ ಬಂದದ್ದರಲ್ಲಿ ಛತ್ರದವರೆಲ್ಲ ಕೆಲವು ವಾರ ಉಂಡರು. ತಿಂಗಳು ತುಂಬಿದ ದಿನ ಸಮಿತಿಯ ಹಂಡೆಯನ್ನು ತೊಳೆದು ಬೋರಲು ಹಾಕಿದರು. ಇನ್ನೊಂದು ಬೆಳೆಗೆ ಹುಳು ಕೊಡುತ್ತೇವೆ ಅಂದಿದ್ದರು, ಸೊಪ್ಪಿಲ್ಲದ್ದರಿಂದ ಆ ಮಾತು ಹಾಗೇ ನಿಂತಿತು. ಕೆಲವರು ಚಿನ್ನದ ಗಣಿಯ ಕಡೆ ಹೋದರು. ಅಕ್ಕ, ಸೊಸೆ, ಮೊಮ್ಮಗಳು ಇನ್ನು ಕೆಲವರ ಜೊತೆ ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಕೆಲಸಕ್ಕೆ ಹೋದರು. ಹೊರಡುವಾಗ ಮಗು ನನ್ನ ಸೆರಗು ಹಿಡಿದು, ನೀನೂ ಬಾ ಅಂತ ಎಳೆಯಿತು. ಬರ್ತೀನಿ, ನೀ ಮುಂದೆ ಹೋಗಿರು ಅಂದೆ.

ಆ ಚಳಿಗಾಲದಲ್ಲೇ ಮಗು ಹೋಯಿತು. ಅಕ್ಕ ಮತ್ತು ಸೊಸೆ ಹಿಂದಿರುಗಿ ಬಂದ ಮೇಲೆ ತಿಳಿಯಿತು. ಇಬ್ಬರೂ ಮಣ್ಣು ಹೊರುವಾಗ ಮಗುವನ್ನು ಇಟ್ಟಿಗೆ ರಾಶಿಯ ಮರೆಯಲ್ಲಿ ಮಲಗಿಸುತ್ತಿದ್ದರಂತೆ. ತಿನ್ನಲು ಸಾಲದು, ಮೇಲೆ ಜ್ವರ. "ಬೆಟ್ಟ ಕಾಡು ದಾಟಿಸಿ ಎತ್ಕೊಂಡು ಬಂದೆ" ಅಂದರು ಅಕ್ಕ. ನಾನು ಗೋಳೋ ಅಂತ ಅತ್ತೆ. ಸೊಸೆ ನನ್ನನ್ನು ಸುಮ್ಮನೆ ನೋಡುತ್ತ ನಿಂತಿದ್ದಳು.

ಮುಳಬಾಗಿಲಿನಲ್ಲಿ ಅವರು ನಿಲ್ಲಲಿಲ್ಲ. ನಂಗಲಿ ದಾಟಿದರೆ ಮದ್ರಾಸು ಸೀಮೆ. ಗಡಿಯ ಆಚೆಗೆ, ರಸ್ತೆ ಪಕ್ಕದ ಹುಣಿಸೇಮರದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದರು. ಮೊದಲ ಅಕ್ಕಿ ಕೊಟ್ಟವನು ಒಬ್ಬ ಸಾಬರ ಗಾಡಿಯವನು, ಬೆಲ್ಲ ಸಾಗಿಸುವವನು. "ಎಂದುಕು ಅಂತ ಅವನನ್ನೂ ಕೇಳಿದ್ರಾ ಅಕ್ಕ?" ಅಂತ ನಾನು ತಮಾಷೆ ಮಾಡಿದೆ. "ಕೇಳ್ದೆ. ನಂಗೆ ದಾರೀಲಿ ಬಿಸಿ ಅನ್ನ ಬೇಕು ಅದಕ್ಕೆ ಅಂದ. ಅಂಥಾ ಮಾತು ನಂಬಬಹುದು" ಅಂದರು. ಒಲೆ ಹತ್ತಿಕೊಂಡಿತು. ಗಾಡಿಯವರು ನಿಲ್ಲತೊಡಗಿದರು, ಆಮೇಲೆ ಲಾರಿಯವರು. ನಾಲ್ಕು ಬಿದಿರಿನ ಗಳು ನೆಟ್ಟು ಗರಿ ಹೊದಿಸಿದರು.

ಈ ಸುದ್ದಿ ಮಾವನ ಕಿವಿಗೂ ಬಿತ್ತು. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಭೆಗಳಲ್ಲಿ ಹೇಳತೊಡಗಿದರು, ಗಂಜಿ ನಿಂತದ್ದರಿಂದಲೇ ಆ ತಾಯಿ ಮೇಲೆ ಬಂದಳು, ಇಲ್ಲದಿದ್ದರೆ ಇನ್ನೂ ಛತ್ರದಲ್ಲೇ ಕೂತಿರುತ್ತಿದ್ದಳು ಅಂತ. ಊರಿಗೆ ಬಂದ ಗಣ್ಯರೊಬ್ಬರನ್ನು ಒಂದು ದಿನ ಗಾಡಿಯಲ್ಲಿ ಕೂರಿಸಿಕೊಂಡು ತೋರಿಸಲೆಂದೇ ಹೊರಟರು. ಅಕ್ಕನನ್ನು ನೋಡಬಹುದಲ್ಲ ಅಂತ ನಾನೂ ಹತ್ತಿಕೊಂಡೆ.

ಅಕ್ಕ ಮುಖ ತಿರುಗಿಸಲಿಲ್ಲ. ಎಲೆ ಹಾಕಿದರು, ಅನ್ನ ಬಡಿಸಿದರು, ಹುಣಿಸೇಹಣ್ಣಿನ ಚಾರು ಹುಯ್ದರು. ಬಂದ ಗಣ್ಯರು ಬಹಳ ಮೆಚ್ಚಿ, "ಅಮ್ಮಾ, ಇಷ್ಟು ಚೆನ್ನಾಗಿ ನಿಮ್ಮ ಕಾಲ ಮೇಲೆ ನೀವು ನಿಂತಿದ್ದೀರಿ. ಇದು ಹೇಗೆ ಸಾಧ್ಯವಾಯಿತು ಅಂತ ನಾಲ್ಕು ಮಾತು ಹೇಳಿ" ಅಂದರು.

ಅಕ್ಕ ಸೌಟನ್ನು ಪಾತ್ರೆಯಲ್ಲಿಟ್ಟರು. "ನಾವು ಮೂರು ಜನ ಇದ್ವಿ ಸ್ವಾಮಿ, ನಿಲ್ಲಕ್ಕಾಗ್ಲಿಲ್ಲ. ಮಗು ಹೋಯ್ತು. ಇಬ್ಬರೇ ಆದ್ವಿ. ಆಮೇಲೆ ನಿಂತ್ವಿ" ಅಂದರು.

ಗಣ್ಯರಿಗೆ ಅರ್ಥವಾಯಿತೋ ಇಲ್ಲವೋ, ಉಣ್ಣುತ್ತಲೇ ಇದ್ದರು. ಮಾವನ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ಮಗುವಿನ ವಿಷಯ ನಾನೇ ಅವರಿಗೆ ಹಿಂದೆ ಹೇಳಿದ್ದೆ, ಅಯ್ಯೋ ಪಾಪ ಅಂದಿದ್ದರು. ಆವತ್ತು ಮಾತ್ರ ಅದು ಒಳಕ್ಕೆ ಇಳಿದಂತೆ ಕಂಡಿತು. ಆದರೆ ಮುಂದಿನ ಸಭೆಯಲ್ಲಿ ಅದೇ ಕತೆಯನ್ನು ಮತ್ತೆ ಹೇಳಿದರು, ಮಗುವನ್ನು ಬಿಟ್ಟು.

ಸ್ವಾತಂತ್ರ್ಯ ಬಂದ ಮೇಲೆ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ತೊದಲಿತು. ಹೊತ್ತುಹೊತ್ತಿಗೆ ಉಣಿಸುವುದು, ಬಾಯಿ ಒರೆಸುವುದು, ಎತ್ತಿ ಕೂರಿಸುವುದು ಎಲ್ಲ ಬೇಕಾಯಿತು. ಅತ್ತೆಗೆ ಕೈಲಾಗುತ್ತಿರಲಿಲ್ಲ. ಆ ಕೆಲಸ ನನಗೇ ಬಂತು. ನನ್ನೊಳಗೆ ಆ ಛತ್ರದ ಬಾಗಿಲು, ಮರದ ಕೆಳಗಿನ ಕಾರು, ಮಗು ಎಳೆದ ಸೆರಗು ಎಲ್ಲ ಹಾಗೇ ಇತ್ತು. ಮೊದಮೊದಲು ತುತ್ತನ್ನು ಅವರ ಬಾಯಿಗೆ ತುರುಕುತ್ತಿದ್ದೆ ಅನ್ನಬೇಕು.

ಒಂದು ಮಧ್ಯಾಹ್ನ ಅಕ್ಕ ಬಂದರು. ನಂಗಲಿಯಿಂದ ಬಸ್ಸಿನಲ್ಲಿ, ಕೈಯಲ್ಲಿ ಬಟ್ಟೆ ಸುತ್ತಿದ ತಪ್ಪಲೆ. ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಇವಳು ಯಾಕೆ ಬಂದಳು ಅಂತ ಎಲ್ಲರ ಮುಖದಲ್ಲೂ ಇತ್ತು, ನನ್ನ ಮುಖದಲ್ಲೂ. ಅಕ್ಕ ಯಾರನ್ನೂ ಏನೂ ಕೇಳದೆ ಮಾವನ ಹತ್ತಿರ ಕೂತು, ಮೆತ್ತಗಿನ ಅನ್ನವನ್ನು ಚಾರಿನಲ್ಲಿ ಕಲಸಿ ಉಣಿಸಿದರು. ಮಾವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಏನೋ ಹೇಳಲು ಒದ್ದಾಡಿದರು. ಅಕ್ಕ ಅದನ್ನು ಕೇಳಿಸಿಕೊಳ್ಳಲು ಬಗ್ಗಲಿಲ್ಲ. ತುತ್ತು ಮಾಡಿ ಇಡುತ್ತಾ ಹೋದರು, ತಪ್ಪಲೆ ಖಾಲಿಯಾಗುವವರೆಗೂ.

ಬಸ್ಸಿನವರೆಗೆ ಜೊತೆಗೆ ನಡೆದೆ. ತಡೆಯಲಾರದೆ ಕೇಳಿದೆ. "ಕೋಪ ಹೋಯ್ತಾ ಅಕ್ಕ?"

ಅವರು ನಿಂತು ನನ್ನನ್ನು ನೋಡಿದರು. ಇಷ್ಟು ವರ್ಷದ ಸ್ನೇಹದಲ್ಲೂ ಇದು ತಿಳಿಯಲಿಲ್ಲವೇ ಅನ್ನುವ ಹಾಗೆ.

"ಎಲ್ಲಿ ಹೋಗುತ್ತೆ? ಹಸಿವು ಬೇರೆ, ಕೋಪ ಬೇರೆ ಅಮ್ಮಾಯಿ. ಒಂದಕ್ಕೆ ಇನ್ನೊಂದು ಸೇರಿಸಬಾರದು. ನಿಮ್ಮ ಮಾವ ಹಸಿವಿಗೆ ಷರತ್ತು ಸೇರಿಸಿದ್ರು. ಹಸಿದವರ ಕೈಲಿ ಮೊದಲು ಏನಾದ್ರೂ ಮಾಡಿಸಿ ನೋಡಬೇಕು ಅಂದ್ರು."

ಅದಾಗಿ ಬಹಳ ದಿನ ಅಕ್ಕ ಉಳಿಯಲಿಲ್ಲ. ಒಲೆಯ ಮುಂದೆ ಕೂತಿದ್ದವರು ಹಾಗೇ ಒರಗಿದರಂತೆ. ನಾನು ಹೋಗಿ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು. ಅವರ ಸೊಸೆ ಒಲೆಯನ್ನು ಆರಿಸಿರಲಿಲ್ಲ. ಬಂದ ಲಾರಿಯವರಿಗೆ ಎಲೆ ಹಾಕುತ್ತಿದ್ದಳು. ನನಗೂ ಒಂದು ಎಲೆ ಹಾಕಿದಳು.

ಸ್ವಂತ ಕಾಲ ಮೇಲೆ ನಿಲ್ಲಿ ಅಂತ ಯಾರಾದರೂ ಹೇಳಿದರೆ, ಆ ಮಾತು ಹೇಳುವವರು ಏನನ್ನು ನಿಲ್ಲಿಸಲು ಹೊರಟಿದ್ದಾರೆ ಅಂತ ನಾನು ಈಗಲೂ ಮೊದಲು ನೋಡುತ್ತೇನೆ. ಅನುಮಾನದ ಹೆಂಗಸು ಅಂತ ಹೆಸರು ಬಂದಿದೆ, ಬರಲಿ. ಮಾವ ಆಮೇಲೂ ಎಷ್ಟೋ ವರ್ಷ ಬದುಕಿದರು. ಅವರಿಗೆ ಎರಡು ಹೊತ್ತೂ ನಾನೇ ಉಣಿಸಿದೆ. ಒಂದು ದಿನವೂ ಅವರನ್ನು ಕ್ಷಮಿಸಲಿಲ್ಲ. ಒಂದು ತುತ್ತೂ ಕಡಿಮೆ ಮಾಡಲಿಲ್ಲ.